ಬಿಳಿ ನಾಯಿ, ಹಸಿರು ಅಂಚು

ಹುಲ್ಲುಹಾಸಿನ ಮೇಲೆ ಕೂತ ಬಿಳಿ ಪೊಮೆರೇನಿಯನ್, ಅದಕ್ಕೆ ಕಡುನೀಲಿ ಹಿನ್ನೆಲೆ ಬೇಕು. ನನ್ನ ಕೈಗೆ ಬರುವ ಸಾಕುಪ್ರಾಣಿ ಫೋಟೊಗಳಲ್ಲಿ ಹೆಚ್ಚಿನವು ಇಂಥವೇ. (ನಮ್ಮಲ್ಲಿ ಪೊಮೆರೇನಿಯನ್ ಅನ್ನಿಸಿಕೊಳ್ಳುವ ಬಹುಪಾಲು ನಾಯಿಗಳು ಇಂಡಿಯನ್ ಸ್ಪಿಟ್ಜ್. ಹೆಸರು ಯಾವುದಾದರೂ ಕೂದಲಿನ ಕಾಟ ಒಂದೇ.) ಫೋಟೊಶಾಪ್‌ನಲ್ಲಿ ‘ಸೆಲೆಕ್ಟ್ ಸಬ್ಜೆಕ್ಟ್’ ಒತ್ತಿದರೆ ಎರಡು ಸೆಕೆಂಡಿಗೆ ನಾಯಿ ಹೊರಬರುತ್ತದೆ. ಆದರೆ ಹಿನ್ನೆಲೆ ಹಾಕಿದ ಕೂಡಲೇ ಮೈಸುತ್ತ ಹಸಿರು ಪಾಚಿ ಕಟ್ಟಿದಂತೆ ಕಾಣುತ್ತದೆ.

ಕಾರಣ ಸರಳ. ತುಪ್ಪಳದ ತುದಿ ಒಂದು ಪಿಕ್ಸೆಲ್‌ಗಿಂತ ಸಣ್ಣದು. ಅಂಚಿನ ಪಿಕ್ಸೆಲ್‌ನಲ್ಲಿ ಕೂದಲೂ ಹುಲ್ಲೂ ಬೆರೆತು ಒಂದೇ ಬಣ್ಣವಾಗಿರುತ್ತವೆ. ಆ ಪಿಕ್ಸೆಲ್ ಎಷ್ಟು ಕಾಣಬೇಕು ಅನ್ನುವುದನ್ನಷ್ಟೇ ಮಾಸ್ಕ್ (ಬಿಳಿ ಇದ್ದಲ್ಲಿ ತೋರಿಸುವ, ಕಪ್ಪು ಇದ್ದಲ್ಲಿ ಮರೆಮಾಡುವ ಮುಸುಕು) ತೀರ್ಮಾನಿಸುತ್ತದೆ, ಅದರೊಳಗಿನ ಹಸಿರನ್ನು ತೆಗೆಯುವುದಿಲ್ಲ. ಹಾಗಾಗಿ ಅಂಚು ಬಿಡಿಸುವುದು ಒಂದು ಕೆಲಸ, ಬಣ್ಣ ತೊಳೆಯುವುದು ಇನ್ನೊಂದು. ಎರಡನ್ನೂ ಮಾಸ್ಕ್‌ನಲ್ಲೇ ಮುಗಿಸಲು ಹೋಗಿ ಅಂಚನ್ನು ಒಳಗೊಳಗೆ ಕತ್ತರಿಸಿದರೆ, ಕೊನೆಗೆ ಸಿಗುವುದು ಕ್ಷೌರ ಮಾಡಿಸಿಕೊಂಡ ನಾಯಿ.

ಮೊದಲು ಫೋಟೊದ ಮಾತು. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಆಗಿ ಬಂದದ್ದು ಬೇಡ. ಡಾಕ್ಯುಮೆಂಟ್ ಆಗಿ ಕಳಿಸಿ ಅನ್ನುತ್ತೇನೆ. ಜೆಪೆಗ್ ಕುಗ್ಗಿದಷ್ಟೂ ಬೆಳಕಿಗಿಂತ ಬಣ್ಣದ ವಿವರ ಮೊದಲು ಹಾಳಾಗುತ್ತದೆ, ಅದೂ ಅಂಚಿನಲ್ಲೇ ಎದ್ದು ಕಾಣುತ್ತದೆ. ಫೋನಿನ ಪೋರ್ಟ್ರೇಟ್ ಮೋಡ್‌ನಲ್ಲಿ ತೆಗೆದದ್ದಂತೂ ಇನ್ನೂ ಕಷ್ಟ: ಕಿವಿಯ ಕೂದಲನ್ನು ಫೋನೇ ಹಿನ್ನೆಲೆಯ ಜೊತೆ ಮಸುಕು ಮಾಡಿರುತ್ತದೆ, ಮಸುಕಾದ ಫೈಲ್ ಅಷ್ಟೇ ಕೈಗೆ ಬಂದರೆ ಅದು ಮತ್ತೆ ಬರುವುದಿಲ್ಲ. ನಾನೇ ತೆಗೆಯುವುದಾದರೆ ಕ್ಯಾಮೆರಾ ನಾಯಿಯ ಕಣ್ಣಿನ ಎತ್ತರದಲ್ಲಿ, ಶಟರ್ 1/500, ಅಪರ್ಚರ್ ಎಫ್ 5.6, ಹಿಂದಿನ ಗೋಡೆಯಿಂದ ನಾಯಿ ಕನಿಷ್ಠ 6 ಅಡಿ ದೂರ, ಫೈಲ್ ರಾ (ಕ್ಯಾಮೆರಾ ಸಂಸ್ಕರಿಸದ ಮೂಲ ಫೈಲ್). ಹುಲ್ಲಿನ ಮೇಲೆ ಕೂರಿಸಲೇಬೇಕಿದ್ದರೆ ಕೆಳಗೆ ಬೂದುಬಣ್ಣದ ಬೆಡ್‌ಶೀಟ್ ಹಾಸುತ್ತೇನೆ. ಹೊಟ್ಟೆಯ ಕೆಳಗೆ ಹುಲ್ಲಿನಿಂದ ಪುಟಿಯುವ ಹಸಿರು ಬೆಳಕು ಅರ್ಧಕ್ಕರ್ಧ ತಪ್ಪುತ್ತದೆ.

ಎಡಿಟಿಂಗ್‌ಗೆ ಕೂತಾಗ ಮಾಸ್ಕ್‌ಗೂ ಮೊದಲು ಹೊಸ ಹಿನ್ನೆಲೆಯನ್ನು ನಾಯಿಯ ಕೆಳಗಿನ ಲೇಯರ್‌ಗೆ (ಒಂದರ ಮೇಲೊಂದು ಕೂರುವ ಚಿತ್ರದ ಪದರ) ತಂದಿಡುತ್ತೇನೆ. ಯಾವ ಕೂದಲು ಉಳಿಯಬೇಕು, ಯಾವುದು ಹೋದರೂ ನಡೆಯುತ್ತದೆ ಎಂದು ಹೇಳುವುದು ಅದೇ. ತಿಳಿ ಬೂದು ಹಿನ್ನೆಲೆಯಲ್ಲಿ ಬಿಳಿ ಕೂದಲಿನ ಅರ್ಧ ತಪ್ಪು ಕಣ್ಣಿಗೇ ಬೀಳುವುದಿಲ್ಲ. ಕಡುನೀಲಿಯಲ್ಲಿ ಒಂದೊಂದೂ ಬೀಳುತ್ತದೆ.

ಆಮೇಲೆ ಸೆಲೆಕ್ಟ್ ಸಬ್ಜೆಕ್ಟ್, ಅಲ್ಲಿಂದ ‘ಸೆಲೆಕ್ಟ್ ಆ್ಯಂಡ್ ಮಾಸ್ಕ್’, ವ್ಯೂ ‘ಆನ್ ಲೇಯರ್ಸ್’. ಸ್ಮೂತ್ (ಅಂಚು ನಯ ಮಾಡುವುದು) 0, ಫೆದರ್ (ಅಂಚು ಮಸುಕು ಮಾಡುವುದು) 0. ಇವೆರಡನ್ನು ಏರಿಸಿದರೆ ತುಪ್ಪಳ ಹತ್ತಿಯಾಗುತ್ತದೆ. ರಿಫೈನ್ ಎಡ್ಜ್ ಬ್ರಷ್ ಅನ್ನು, ಫೋಟೊ 6000 ಪಿಕ್ಸೆಲ್ ಅಗಲವಿದ್ದರೆ, 40ರಿಂದ 60 ಪಿಕ್ಸೆಲ್ ಇಟ್ಟುಕೊಂಡು ಅರ್ಧ ಕೂದಲ ಮೇಲೆ, ಅರ್ಧ ಹುಲ್ಲಿನ ಮೇಲೆ ಹೋಗುವಂತೆ ಎಳೆಯುತ್ತೇನೆ. ಎಳೆಯುವುದು ಕಿವಿಯ ತುದಿ, ಎದೆ, ತೊಡೆಯ ಹಿಂಭಾಗ, ಬಾಲ ಇಷ್ಟಕ್ಕೇ. ಮೂತಿ, ಉಗುರು, ಮುಂಗಾಲಿನ ಮುಂಭಾಗದ ಕಡೆಗೆ ಈ ಬ್ರಷ್ ಸುಳಿಯಬಾರದು. ಅಲ್ಲೆಲ್ಲ ಮೈ ತೂತುಬಿದ್ದು ಹಿನ್ನೆಲೆ ಇಣುಕುತ್ತದೆ. ಆ ಜಾಗಗಳಿಗೆ ಹಾರ್ಡ್‌ನೆಸ್ 80ರ ಸಾದಾ ಬ್ರಷ್ ಸಾಕು. ಶಿಫ್ಟ್ ಎಡ್ಜ್ ಮೈನಸ್ 5ರಿಂದ 10, ಅದಕ್ಕಿಂತ ಒಳಗೆ ಹೋಗುವುದಿಲ್ಲ. ಮುಧೋಳ ನಾಯಿಯಂಥ ಗಿಡ್ಡ ಕೂದಲಿನ ತಳಿಗೆ ಇದ್ಯಾವುದೂ ಬೇಡ. ಪೆನ್ ಟೂಲ್‌ನಲ್ಲಿ ಸುತ್ತುಹಾಕಿ 0.7 ಪಿಕ್ಸೆಲ್ ಫೆದರ್ ಕೊಟ್ಟರೆ ಮುಗಿಯಿತು.

ಸ್ಪಿಟ್ಜ್‌ನ ಬಾಲ ಬೆನ್ನ ಮೇಲೆ ಸುರುಳಿಯಾಗಿ ಕೂರುತ್ತದಲ್ಲ, ಬಾಲಕ್ಕೂ ಬೆನ್ನಿಗೂ ನಡುವೆ ಹುಣಸೆಬೀಜದಷ್ಟು ಸಂದು ಉಳಿಯುತ್ತದೆ. ತಾನಾಗಿ ಕತ್ತರಿಸುವ ಆ್ಯಪ್‌ಗಳು ಈ ಸಂದನ್ನು ನಾಯಿಯೆಂದೇ ಲೆಕ್ಕ ಹಾಕಿ ಹುಲ್ಲನ್ನು ಒಳಗೇ ಬಿಟ್ಟುಬಿಡುತ್ತವೆ. 200 ಪರ್ಸೆಂಟ್‌ಗೆ ಜೂಮ್ ಮಾಡಿ ಮೊದಲು ನೋಡುವುದು ಅದನ್ನೇ. ಆಮೇಲೆ ಕಾಲುಗಳ ನಡು, ಬೆಲ್ಟಿನ ಕೆಳಗೆ.

ತುಪ್ಪಳ ತೀರಾ ಸಿಕ್ಕುಸಿಕ್ಕಾಗಿದ್ದರೆ ಚಾನೆಲ್ ದಾರಿ ಹಿಡಿಯುತ್ತೇನೆ. ಫೋಟೊದ ಕೆಂಪು, ಹಸಿರು, ನೀಲಿ ಪಾಲನ್ನು ಬೇರೆಬೇರೆ ಕಪ್ಪು-ಬಿಳಿ ಚಿತ್ರವಾಗಿ ತೋರಿಸುವುದೇ ಚಾನೆಲ್. ಹುಲ್ಲು ಅತಿ ಕಪ್ಪಾಗಿ ಕಾಣುವುದು ಬ್ಲೂ ಚಾನೆಲ್‌ನಲ್ಲಿ, ಬಿಳಿ ಕೂದಲು ಮೂರೂ ಚಾನೆಲ್‌ಗಳಲ್ಲಿ ಬಿಳಿಯೇ. ಮಾಸ್ಕ್ ಆಗಿ ಬಳಸಲು ಬ್ಲೂ ಚಾನೆಲ್ ನಕಲು ಮಾಡಿ, ಲೆವೆಲ್ಸ್‌ನಲ್ಲಿ (ಕಪ್ಪು-ಬಿಳುಪು ಹೊಂದಿಸುವ ಸಾಧನ) ಕಪ್ಪನ್ನು 50ರ ಹತ್ತಿರಕ್ಕೆ, ಬಿಳಿಯನ್ನು 200ರ ಹತ್ತಿರಕ್ಕೆ ತರುತ್ತೇನೆ. ಇನ್ನೂ ಎಳೆದರೆ ಕೂದಲು ತಂತಿಯಾಗುತ್ತದೆ. ಉಳಿದ ಬೂದು ಕಲೆಗಳಿಗೆ ಬ್ರಷ್ ಮೋಡ್ ಓವರ್‌ಲೇ, ಒಪ್ಯಾಸಿಟಿ 25: ಬಿಳಿ ಬಳಿದರೆ ತಿಳಿ ಭಾಗವಷ್ಟೇ ಬೆಳ್ಳಗಾಗುತ್ತದೆ, ಅಚ್ಚ ಕಪ್ಪು ಹಾಗೇ ಉಳಿಯುತ್ತದೆ. ಕಣ್ಣು, ಮೂಗು ಕಪ್ಪಾಗಿರುವುದರಿಂದ ಈ ಚಾನೆಲ್‌ನಲ್ಲಿ ತೂತಾಗಿರುತ್ತವೆ. ಲ್ಯಾಸೊ ಹಾಕಿ ಬಿಳಿ ತುಂಬಲು ಮರೆತರೆ ನೀಲಿ ಕಣ್ಣಿನ ಭೂತ ತಯಾರು.

ಈಗ ಬಣ್ಣ. ಅಂಚಿನ ಬಣ್ಣ ತಾನೇ ತೊಳೆಯುವ ‘ಡಿಕಂಟ್ಯಾಮಿನೇಟ್ ಕಲರ್ಸ್’ ಇದೆ, ಬಳಸುವುದು ಕಡಿಮೆ. ಅದು ಪಿಕ್ಸೆಲ್‌ಗಳನ್ನೇ ಬದಲಿಸುತ್ತದೆ, ಆಮೇಲೆ ಮಾಸ್ಕ್ ಸ್ವಲ್ಪ ಹೊರಗೆ ತಂದರೂ ಬಣ್ಣದ ಪಟ್ಟೆಗಳು ಎದ್ದು ಕಾಣುತ್ತವೆ. ಅದರ ಬದಲು ನಾಯಿಯ ಲೇಯರ್‌ಗೆ ಕ್ಲಿಪ್ ಮಾಡಿದ (ನಾಯಿಯ ಮೇಲಷ್ಟೇ ಕಾಣುವ) ಖಾಲಿ ಲೇಯರ್, ಮೋಡ್ ‘ಕಲರ್’. ಅಂಚಿನಿಂದ ತುಸು ಒಳಗಿನ ಕೂದಲಿನ ಬಣ್ಣವನ್ನು ಆಲ್ಟ್ ಒತ್ತಿ ತೆಗೆದುಕೊಂಡು 40 ಪರ್ಸೆಂಟ್ ಒಪ್ಯಾಸಿಟಿಯಲ್ಲಿ ಅಂಚಿನ ಮೇಲೆ ಹಾಯಿಸುತ್ತೇನೆ. ಹಸಿರು ಹೋಗುತ್ತದೆ. ಹೋಗದೆ ಉಳಿಯುವುದು ಮಬ್ಬು, ಏಕೆಂದರೆ ಕಲರ್ ಮೋಡ್ ಬೆಳಕನ್ನು ಮುಟ್ಟುವುದಿಲ್ಲ. ಅದಕ್ಕೆ ‘ಲೈಟನ್’ ಮೋಡ್‌ನಲ್ಲಿ ಇನ್ನೊಂದು ಲೇಯರ್, ಕೆನೆಬಣ್ಣ, 20ರಿಂದ 30 ಪರ್ಸೆಂಟ್. ಅಚ್ಚ ಬಿಳಿ ಬಳಿದರೆ ಸುಣ್ಣ ಹಚ್ಚಿದಂತಾಗುತ್ತದೆ. ಗದ್ದ, ಹೊಟ್ಟೆಯ ಕೆಳಗಿನ ಹಸಿರು ಮಾತ್ರ ನಿಜವಾದ ಬೆಳಕು. ಹೊಸ ಹಿನ್ನೆಲೆಯಲ್ಲೂ ಹುಲ್ಲೇ ಇದ್ದರೆ ಅದನ್ನು ಮುಟ್ಟಬೇಡಿ.

ಕಪ್ಪು ನಾಯಿ ಅಥವಾ ಕಪ್ಪು ಬೆಕ್ಕು ಬಿಳಿ ಗೋಡೆಯ ಮುಂದಿದ್ದರೆ ಇಷ್ಟು ಪಾಡು ಬೇಡ. ಫೋಟೊವನ್ನು ಎರಡು ಲೇಯರ್ ಮಾಡಿ. ಕೆಳಗಿನದು ‘ಮಲ್ಟಿಪ್ಲೈ’ ಮೋಡ್, ಲೆವೆಲ್ಸ್‌ನಲ್ಲಿ ಗೋಡೆ 255 (ಅಚ್ಚ ಬಿಳಿ) ಮುಟ್ಟುವವರೆಗೆ ಬಿಳಿ ಎಳೆಯಿರಿ; ಬಿಳಿ ಮಾಯವಾಗಿ ಕೂದಲಷ್ಟೇ ಹಿನ್ನೆಲೆಯ ಮೇಲೆ ಉಳಿಯುತ್ತದೆ, ಒಂದೆಳೆಯೂ ಕಳೆದುಹೋಗದೆ. ಮೇಲಿನದು ನಾರ್ಮಲ್ ಮೋಡ್, ಅದಕ್ಕೆ ಮೈಯ ಒಳಗೇ ನಿಲ್ಲುವ ಬಿಗಿ ಮಾಸ್ಕ್. ಹೊಸ ಹಿನ್ನೆಲೆ ಕೂದಲಿಗಿಂತ ತಿಳಿಯಾಗಿದ್ದರೆ ಮಾತ್ರ ಇದು ನಡೆಯುತ್ತದೆ. ಗೋಡೆಯ ಮೂಲೆಯಲ್ಲಿ ನೆರಳು ಉಳಿದಿದ್ದರೆ ಆ ಜಾಗದಲ್ಲಿ ಕೊಳಕು ಕಲೆ ಕಾಣುತ್ತದೆ, ಅಷ್ಟನ್ನು ಬ್ರಷ್‌ನಲ್ಲಿ ಅಳಿಸಿ.

ಬೆಕ್ಕಿನ ಮೀಸೆ ಉಳಿಸಲು ಒದ್ದಾಡಬೇಡಿ. ಸಾಮಾನ್ಯವಾಗಿ ಒಂದೊಂದು ಬದಿಗೆ 12ರಷ್ಟು ಇರುತ್ತವೆ, ಮಾಸ್ಕ್‌ನಲ್ಲಿ ಅರ್ಧ ತುಂಡಾಗಿ ಬರುತ್ತವೆ. ಮೂಲ ಫೋಟೊ ನೋಡಿಕೊಂಡು ಹೊಸ ಲೇಯರ್‌ನಲ್ಲಿ 3 ಪಿಕ್ಸೆಲ್ ಬ್ರಷ್‌ನಿಂದ ಬರೆಯುವುದೇ ವಾಸಿ. ಪೆನ್ ಟೂಲ್‌ನಲ್ಲಿ ಗೆರೆ ಎಳೆದು, ಬ್ರಷ್‌ನ ಶೇಪ್ ಡೈನಮಿಕ್ಸ್‌ನಲ್ಲಿ ‘ಪೆನ್ ಪ್ರೆಷರ್’ ಇಟ್ಟು, ಸ್ಟ್ರೋಕ್ ಪಾತ್‌ನಲ್ಲಿ ‘ಸಿಮ್ಯುಲೇಟ್ ಪ್ರೆಷರ್’ ಟಿಕ್ ಮಾಡಿದರೆ ತುದಿ ತಾನೇ ಚೂಪಾಗುತ್ತದೆ. ಬುಡದ ಕಡೆಯ ಚೂಪನ್ನು ಕೆನ್ನೆಯ ಕೂದಲೊಳಗೆ ಹುದುಗಿಸಿ. ಎದೆಯ ಕೂದಲು ಎಲ್ಲಾದರೂ ಬೋಳಾಗಿದ್ದರೆ ಮಾಸ್ಕ್ ಮೇಲೆಯೇ ಸ್ಮಡ್ಜ್ ಟೂಲ್, ಸ್ಟ್ರೆಂತ್ 75, ಕೂದಲು ಬೆಳೆದ ದಿಕ್ಕಿನಲ್ಲಿ ಒಳಗಿನಿಂದ ಹೊರಗೆ. ಒಂದೇ ಉದ್ದಕ್ಕೆ ಎಳೆದರೆ ಬಾಚಣಿಗೆಯಂತೆ ಕಾಣುತ್ತದೆ.

ಹುಲ್ಲಿನೊಳಗೆ ಮುಳುಗಿದ ಪಾದಗಳನ್ನು ಬಿಡಿಸಲು ಬರುವುದಿಲ್ಲ, ಅಲ್ಲಿ ಪಾದದ ಚಿತ್ರವೇ ಇಲ್ಲ. ಎದೆಯವರೆಗೆ ಕ್ರಾಪ್ ಮಾಡಿ, ಇಲ್ಲವೇ ಮುಂದೆ ಮೆತ್ತೆಯೊಂದನ್ನು ತಂದಿಡಿ. ಪಾದ ಕಾಣುವಂತಿದ್ದರೆ ನೆರಳು ಎರಡು ಬೇಕು: ಪಾದಕ್ಕೆ ಅಂಟಿಕೊಂಡ ತೆಳು ಕಡು ನೆರಳು, 8 ಪಿಕ್ಸೆಲ್ ಬ್ಲರ್, ಸುತ್ತ ಹರಡಿದ ತಿಳಿ ನೆರಳು, 60 ಪಿಕ್ಸೆಲ್ ಬ್ಲರ್, 30 ಪರ್ಸೆಂಟ್. ಮೊದಲನೆಯದನ್ನು ಬಿಟ್ಟರೆ ನಾಯಿ ತೇಲುತ್ತದೆ. ಬೆನ್ನಿಗೆ ಬಿಸಿಲು ಬಿದ್ದು ಕೂದಲು ಹೊಳೆಯುತ್ತಿದ್ದರೆ ಹಿಂದಿನಿಂದ ಬೆಳಕಿರುವ ಹಿನ್ನೆಲೆಯನ್ನೇ ಹುಡುಕಬೇಕು; ಆ ಹೊಳಪನ್ನು ಯಾವ ಬ್ರಷ್ಷೂ ಆರಿಸದು.

ಫೋಟೊಶಾಪ್ ಇಲ್ಲದವರಿಗೆ ಗಿಂಪ್‌ನ ‘ಫೋರ್‌ಗ್ರೌಂಡ್ ಸೆಲೆಕ್ಟ್’ ಇದೆ, ಉಚಿತ. ಸುತ್ತ ಒರಟು ಗೆರೆ, ಎಂಟರ್, ಒಳಗೆ ಒಂದಿಷ್ಟು ಗೀಚು, ಕೂದಲಿನ ಪಟ್ಟಿಯನ್ನು ‘ಅನ್‌ನೋನ್’ ಆಗಿ ಬಿಡಿ. ದೊಡ್ಡ ಫೈಲ್‌ನಲ್ಲಿ ತುಂಬ ನಿಧಾನ.

12×18 ಇಂಚಿನ ಪ್ರಿಂಟ್ ಅಂದರೆ 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) 3600×5400 ಪಿಕ್ಸೆಲ್. ಫೋನಿನಲ್ಲಿ ಕಾಣದ ಅಂಚು ಅಲ್ಲಿ ಕಾಣುತ್ತದೆ. ಹಾಗಾಗಿ ಕಿವಿ, ಬಾಲ ಇರುವ ತುಣುಕನ್ನು ಅದೇ ಅಳತೆಯಲ್ಲಿ 4×6ಕ್ಕೆ ಕ್ರಾಪ್ ಮಾಡಿ ಮೊದಲು ಒಂದು ಪ್ರಿಂಟ್ ತೆಗೆಸುತ್ತೇನೆ. ಅದು ಸರಿ ಬಂದರೆ ದೊಡ್ಡದು ಲ್ಯಾಬ್‌ಗೆ.