ಮನೆಯ ಹವಾಮಾನ ಕೇಂದ್ರಕ್ಕೆ ವೆಬ್‌ಸೈಟ್ ಟೆಂಪ್ಲೇಟ್: ಆರಿಸುವುದು, ಕೂರಿಸುವುದು, ಕೈಕೊಟ್ಟಾಗ ಸರಿಪಡಿಸುವುದು

ಮನೆಯ ಹವಾಮಾನ ಕೇಂದ್ರದ ಅಂಕಿಗಳನ್ನು ವೆಬ್‌ಪುಟದಲ್ಲಿ ತೋರಿಸುವ ಸಿದ್ಧ ಅಚ್ಚು, ಅಂದರೆ ಟೆಂಪ್ಲೇಟ್, ಹುಡುಕಲು ಕೂತವರ ಕಣ್ಣು ಮೊದಲು ಹೋಗುವುದು ಅದರ ಅಂದಚೆಂದದ ಕಡೆಗೆ: ಮುಳ್ಳು ತಿರುಗುವ ಡಯಲ್‌ಗಳು, ಕಪ್ಪು ಹಿನ್ನೆಲೆ, ಓಡುವ ಮೋಡಗಳು. ನೋಡಬೇಕಾದ್ದು ಬೇರೆ. ನಿಮ್ಮ ಸಾಫ್ಟ್‌ವೇರ್ ಯಾವ ಡೇಟಾ ಫೈಲ್ ಬರೆಯುತ್ತದೆ, ಟೆಂಪ್ಲೇಟ್ ಯಾವುದನ್ನು ಓದುತ್ತದೆ? ಇವೆರಡು ಹೊಂದದಿದ್ದರೆ ಡಯಲ್‌ಗಳೆಲ್ಲ ಸೊನ್ನೆಯಲ್ಲೇ ನಿಂತಿರುತ್ತವೆ.

ಕ್ಯುಮುಲಸ್, ವೆದರ್ ಡಿಸ್‌ಪ್ಲೇ, ವೀವೆಕ್ಸ್ ಇವೆಲ್ಲ ಕೇಂದ್ರದ ಅಂಕಿಗಳನ್ನು ಕಂಪ್ಯೂಟರ್‌ಗೆ ತರುವ ಸಾಫ್ಟ್‌ವೇರ್‌ಗಳು. ಕ್ಯುಮುಲಸ್ ಬಳಸುವವರ ಬಳಿ 'ರಿಯಲ್‌ಟೈಮ್' ಎಂಬ ಒಂದೇ ಸಾಲಿನ ಟೆಕ್ಸ್ಟ್ ಫೈಲ್ ಇರುತ್ತದೆ. ವೆದರ್ ಡಿಸ್‌ಪ್ಲೇ ಬರೆಯುವುದು 'ಕ್ಲೈಂಟ್‌ರಾ' ಫೈಲ್. ವೀವೆಕ್ಸ್‌ನ ದಾರಿ ಇವೆರಡಕ್ಕಿಂತ ಬೇರೆ: ಅದು ಡೇಟಾಬೇಸ್‌ನಿಂದ ಅಂಕಿಗಳನ್ನು ತೆಗೆದು, ಟೆಂಪ್ಲೇಟ್‌ನಲ್ಲಿ ತುಂಬಿ, ಸಿದ್ಧ ಎಚ್‌ಟಿಎಂಎಲ್ ಪುಟವನ್ನೇ ಕೊಡುತ್ತದೆ. ಸಾಮಾನ್ಯವಾಗಿ 5 ನಿಮಿಷಕ್ಕೊಮ್ಮೆ. ಅಲ್ಲಿ ಟೆಂಪ್ಲೇಟ್ ಗುಚ್ಛಕ್ಕೆ 'ಸ್ಕಿನ್' ಎಂದು ಹೆಸರು. ಜೊತೆಗೇ ಬರುವ ಸ್ಕಿನ್ 'ಸೀಸನ್ಸ್'. ಪುಟದ ಅಂಕಿಗಳು ಕೆಲವೇ ಸೆಕೆಂಡಿಗೊಮ್ಮೆ ಬದಲಾಗಬೇಕು ಎನ್ನುವವರು 'ಬೆಲ್ಚರ್‌ಟೌನ್' ಸ್ಕಿನ್ ಹಾಕುತ್ತಾರೆ. ಆದರೆ ಆ ನೇರ ಪ್ರಸಾರಕ್ಕೆ ಎಂಕ್ಯೂಟಿಟಿ ಬ್ರೋಕರ್ (ಅಂಕಿ ಬಂದ ಕೂಡಲೇ ಪುಟಕ್ಕೆ ದಾಟಿಸುವ ಮಧ್ಯವರ್ತಿ ಸರ್ವರ್) ಬೇಕು. ಅದಿಲ್ಲದೆ ಬರೀ ಸ್ಕಿನ್ ಹಾಕಿದರೆ ಅದೂ 5 ನಿಮಿಷದ ಪುಟವೇ.

ಎರಡನೇ ಪ್ರಶ್ನೆ ಸರ್ವರ್‌ನದು. ಪಿಎಚ್‌ಪಿ (ಸರ್ವರ್‌ನಲ್ಲಿ ಓಡುವ ಪ್ರೋಗ್ರಾಮಿಂಗ್ ಭಾಷೆ) ಇಲ್ಲದ ಕಡೆ ಪಿಎಚ್‌ಪಿ ಟೆಂಪ್ಲೇಟ್ ನಡೆಯದು. ಇದ್ದರೂ ಆವೃತ್ತಿ ನೋಡಿಕೊಳ್ಳಿ: ಹವ್ಯಾಸಿಗಳ ಟೆಂಪ್ಲೇಟ್‌ಗಳಲ್ಲಿ ಪಿಎಚ್‌ಪಿ 5ರ ಕಾಲದಲ್ಲಿ ಬರೆದವು ಬೇಕಾದಷ್ಟಿವೆ. ಅವುಗಳನ್ನು ಪಿಎಚ್‌ಪಿ 8ರಲ್ಲಿ ಓಡಿಸಿದರೆ ತೆಗೆದುಹಾಕಲಾದ ಫಂಕ್ಷನ್‌ಗಳಿಂದಾಗಿ ಪುಟ ಬೆಳ್ಳಗೆ ಬಿದ್ದುಕೊಳ್ಳುತ್ತದೆ. ಮುನ್ಸೂಚನೆ ತೋರಿಸುವ ಭಾಗವನ್ನಂತೂ ತೆರೆದು ಓದಿಯೇ ನೋಡಿ. ಅದು ಡಾರ್ಕ್ ಸ್ಕೈ ಎಂಬ ಮುನ್ಸೂಚನೆ ಸೇವೆಯನ್ನು ಕೇಳುತ್ತಿದ್ದರೆ ಆ ಎಪಿಐ (ಬೇರೆ ಪುಟಗಳಿಗೆ ಅಂಕಿ ಕೊಡುವ ಕೊಂಡಿ) 2023ರ ಮಾರ್ಚ್ ಕೊನೆಗೆ ಮುಚ್ಚಿದೆ. ಟೆಂಪ್ಲೇಟ್‌ನ ಉಳಿದ ಭಾಗ ಗಟ್ಟಿಯಾಗಿದ್ದರೆ ಆ ಒಂದು ಚೌಕ ಕಿತ್ತುಹಾಕಿ ಮುಂದುವರಿಯಬಹುದು.

ಫೈಲ್ ಒಳಗೆ ಏನಿದೆ

ಡೇಟಾ ಫೈಲನ್ನು ಒಮ್ಮೆ ನೋಟ್‌ಪ್ಯಾಡ್‌ನಲ್ಲಿ ತೆರೆದು ನೋಡಿದರೆ ಅರ್ಧ ತಾಪತ್ರಯ ಅಲ್ಲೇ ತೀರುತ್ತದೆ. ರಿಯಲ್‌ಟೈಮ್ ಫೈಲ್‌ನಲ್ಲಿ ಅಂಕಿಗಳ ನಡುವೆ ಒಂದೊಂದು ಸ್ಪೇಸ್. 1ರಿಂದ ಎಣಿಸಿದರೆ 3ನೆಯದು ತಾಪಮಾನ, 4 ತೇವಾಂಶ, 6 ಸರಾಸರಿ ಗಾಳಿ, 8 ಗಾಳಿಯ ದಿಕ್ಕು, 10 ಇಂದಿನ ಮಳೆ, 11 ಒತ್ತಡ. 14ರಿಂದ 17ರವರೆಗೆ ಗಾಳಿ, ತಾಪ, ಒತ್ತಡ, ಮಳೆಯ ಅಳತೆಮಾನಗಳು. ಒಳ್ಳೆಯ ಟೆಂಪ್ಲೇಟ್ ಈ ನಾಲ್ಕನ್ನು ಓದಿ ಲೇಬಲ್ ಹಾಕುತ್ತದೆ. ಸೋಮಾರಿ ಟೆಂಪ್ಲೇಟ್ 'ಕಿ.ಮೀ.' ಎಂದು ಮೊದಲೇ ಅಚ್ಚೊತ್ತಿಟ್ಟಿರುತ್ತದೆ. ಜಾವಾಸ್ಕ್ರಿಪ್ಟ್ ಎಣಿಕೆ 0ಯಿಂದ ಶುರುವಾಗುವುದರಿಂದ ಕೋಡ್‌ನಲ್ಲಿ ಪ್ರತಿ ಸಂಖ್ಯೆಯೂ ಒಂದು ಕಡಿಮೆ. ತಾಪಮಾನದ ಜಾಗದಲ್ಲಿ 84 ಕಂಡರೆ ನೀವು ತೇವಾಂಶ ಓದುತ್ತಿದ್ದೀರಿ ಎಂದರ್ಥ.

ಕ್ಲೈಂಟ್‌ರಾ ಫೈಲ್ 12345 ಎಂದು ಶುರುವಾಗಿ ಕೊನೆಯಲ್ಲಿ !! ಎಂಬ ಗುರುತಿನೊಡನೆ ಮುಗಿಯುತ್ತದೆ. ಇದು ಅಲಂಕಾರಕ್ಕಲ್ಲ. ಮೊದಲಿನದು ಇದ್ದು ಕೊನೆಯದು ಇಲ್ಲದಿದ್ದರೆ ಫೈಲ್ ಅರ್ಧವೇ ಬಂದಿದೆ. ಅದನ್ನು ಬಿಟ್ಟು ಹಳೆಯ ಅಂಕಿಯನ್ನೇ ಉಳಿಸಿಕೊಳ್ಳಬೇಕು. ಅದರಲ್ಲಿ ಗಾಳಿಯ ವೇಗ ನಾಟ್‌ನಲ್ಲಿರುತ್ತದೆ. ಗಂಟೆಗೆ ಕಿಲೋಮೀಟರ್ ಬೇಕಾದರೆ 1.852ರಿಂದ ಗುಣಿಸಿ.

ವೀವೆಕ್ಸ್ ಸ್ಕಿನ್ ಕೂರಿಸುವ ಕ್ರಮ

ಮೂಲ ಸ್ಕಿನ್ ಫೋಲ್ಡರ್ ಮುಟ್ಟಬೇಡಿ. ಅದನ್ನು ಬೇರೆ ಹೆಸರಿನಲ್ಲಿ ನಕಲು ಮಾಡಿ, ಕಾನ್ಫಿಗ್ ಫೈಲ್‌ನ 'ಎಸ್‌ಟಿಡಿ ರಿಪೋರ್ಟ್' ಭಾಗದಲ್ಲಿ ಹೊಸ ರಿಪೋರ್ಟ್ ಸೇರಿಸಿ, ಅದಕ್ಕೆ ಆ ನಕಲಿನ ಹೆಸರು ಕೊಡಿ. ತಿದ್ದುಪಡಿಗಳೆಲ್ಲ ನಕಲಿನಲ್ಲೇ ಇದ್ದರೆ ಅಪ್‌ಗ್ರೇಡ್ ದಿನ ತಲೆ ಕೆಡಿಸಿಕೊಳ್ಳಬೇಕಿಲ್ಲ. ಆಮೇಲೆ 5 ನಿಮಿಷ ಕಾಯುತ್ತ ಕೂರಬೇಡಿ. ವೀವೆಕ್ಸ್ 5ರಲ್ಲಿ 'ವೀಸಿಟಿಎಲ್ ರಿಪೋರ್ಟ್ ರನ್' ಆಜ್ಞೆ ಕೊಟ್ಟರೆ ಪುಟ ಆಗಲೇ ತಯಾರು.

ಅಳತೆಮಾನದ ಗುಂಡಿಯಲ್ಲಿ ಬೀಳದವರು ಕಡಿಮೆ. 'ಮೆಟ್ರಿಕ್' ಎಂದು ಆರಿಸಿದರೆ ಗಾಳಿ ಗಂಟೆಗೆ ಕಿ.ಮೀ.ನಲ್ಲೇನೋ ಬರುತ್ತದೆ, ಮಳೆ ಮಾತ್ರ ಸೆಂಟಿಮೀಟರ್‌ನಲ್ಲಿ! 12 ಮಿ.ಮೀ. ಸುರಿದ ದಿನ ಪುಟದಲ್ಲಿ 1.2. 'ಮೆಟ್ರಿಕ್ ಡಬ್ಲ್ಯುಎಕ್ಸ್' ಆರಿಸಿದರೆ ಮಳೆ ಮಿ.ಮೀ.ಗೆ ಬರುತ್ತದೆ, ಗಾಳಿ ಸೆಕೆಂಡಿಗೆ ಮೀಟರ್‌ಗೆ ಹೋಗುತ್ತದೆ. ಹಾಗಾಗಿ ಎರಡನೆಯದನ್ನೇ ಆರಿಸಿ, ಯೂನಿಟ್ ಗುಂಪುಗಳಲ್ಲಿ ವೇಗವೊಂದನ್ನು ಕಿ.ಮೀ.ಗೆ ಬದಲಿಸಿಕೊಳ್ಳಿ. ಗಾಳಿಗೆ ಯೂನಿಟ್ ಗುಂಪುಗಳು ಎರಡಿವೆ, ಎರಡನ್ನೂ ಬದಲಿಸಬೇಕು. ಒಂದು ಉಳಿದರೆ ಪುಟದ ಒಂದು ಮೂಲೆಯಲ್ಲಿ ಬೇರೆ ಅಳತೆಮಾನ ಕೂತಿರುತ್ತದೆ.

ಸಿಎಸ್‌ಎಸ್ (ಪುಟದ ಬಣ್ಣ, ವಿನ್ಯಾಸ ಹೇಳುವ ಫೈಲ್) ತಿದ್ದಿದರೂ ಪುಟದ ಬಣ್ಣ ಬದಲಾಗಲಿಲ್ಲವೇ? ಸ್ಕಿನ್ ಕಾನ್ಫಿಗ್‌ನಲ್ಲಿ 'ಕಾಪಿ ಒನ್ಸ್' ಪಟ್ಟಿಯಲ್ಲಿರುವ ಫೈಲ್‌ಗಳು ವೀವೆಕ್ಸ್ ಶುರುವಾದ ಮೇಲೆ ಒಂದೇ ಸಲ ನಕಲಾಗುತ್ತವೆ. ರೀಸ್ಟಾರ್ಟ್ ಮಾಡಿ. ಆಗಲೂ ಬದಲಾಗದಿದ್ದರೆ ಬ್ರೌಸರ್ ಕ್ಯಾಶ್ (ಅದು ಕೂಡಿಟ್ಟ ಹಳೆಯ ನಕಲು) ನೋಡಿ.

ಅಪ್‌ಲೋಡ್

ಎಫ್‌ಟಿಪಿಯಲ್ಲಿ (ಸರ್ವರ್‌ಗೆ ಫೈಲ್ ಕಳಿಸುವ ವಿಧಾನ) ಫೈಲ್ ಏರುತ್ತಿರುವಾಗಲೇ ಯಾರಾದರೂ ಪುಟ ತೆರೆದರೆ ಅವರಿಗೆ ಅರೆಬರೆ ಫೈಲ್ ಸಿಗುತ್ತದೆ. ಡಯಲ್ ಥಟ್ಟನೆ ಸೊನ್ನೆಗೆ ಬಿದ್ದು ಮತ್ತೆ ಏಳುವುದು ಹೆಚ್ಚಾಗಿ ಇದರಿಂದಲೇ. ಕ್ಯುಮುಲಸ್‌ನಲ್ಲಿ ತಾತ್ಕಾಲಿಕ ಹೆಸರಿನಲ್ಲಿ ಏರಿಸಿ ಆಮೇಲೆ ಹೆಸರು ಬದಲಿಸುವ ಆಯ್ಕೆ ಇದೆ, ಅದನ್ನು ಆನ್ ಮಾಡಿ. ವೀವೆಕ್ಸ್ ಹಿಂದಿನ ಸಲದ ನಂತರ ಬದಲಾದ ಫೈಲ್‌ಗಳನ್ನು ಮಾತ್ರ ಏರಿಸುತ್ತದೆ. ಸರ್ವರ್‌ನಲ್ಲಿ ಎಲ್ಲ ಅಳಿಸಿ ಹೊಸದಾಗಿ ಶುರು ಮಾಡಿದಾಗ ಚಿತ್ರ, ಸಿಎಸ್‌ಎಸ್ ಏನೂ ಏರದೆ ಪುಟ ಬೋಳಾಗಿ ಕಾಣುವುದು ಈ ಕಾರಣಕ್ಕೆ. ನಿಮ್ಮ ಕಂಪ್ಯೂಟರ್‌ನ ಪುಟಗಳ ಫೋಲ್ಡರ್‌ನಲ್ಲಿರುವ '#ಎಫ್‌ಟಿಪಿ.ಲಾಸ್ಟ್' ಫೈಲ್ ಅಳಿಸಿದರೆ ಮುಂದಿನ ಸುತ್ತಿನಲ್ಲಿ ಎಲ್ಲವೂ ಏರುತ್ತವೆ.

ಪುಟ ಎಚ್‌ಟಿಟಿಪಿಎಸ್‌ನಲ್ಲಿದ್ದು ಡೇಟಾ ಫೈಲ್‌ನ ವಿಳಾಸ ಬರೀ ಎಚ್‌ಟಿಟಿಪಿ ಆಗಿದ್ದರೆ ಬ್ರೌಸರ್ ಅದನ್ನು ತಡೆಯುತ್ತದೆ, ಪುಟದಲ್ಲಿ ತಪ್ಪಿನ ಸಂದೇಶವನ್ನೂ ತೋರಿಸದೆ. ಡೇಟಾ ಕೇಳುವ ವಿಳಾಸದ ಕೊನೆಗೆ ಆ ಕ್ಷಣದ ಸಮಯವನ್ನು ಪ್ರಶ್ನಾರ್ಥಕ ಚಿಹ್ನೆಯ ಜೊತೆ ಅಂಟಿಸಿದರೆ ಕ್ಯಾಶ್‌ನ ಹಳೇ ಅಂಕಿ ಬರುವುದು ತಪ್ಪುತ್ತದೆ.

ಪುಟ ಸುಳ್ಳು ಹೇಳದಂತೆ

ಟೆಂಪ್ಲೇಟ್ ಬರೆದವರು ಹೆಚ್ಚಾಗಿ ಕೈಬಿಡುವುದು ಡೇಟಾ ಇಲ್ಲದ ಹೊತ್ತಿನ ಯೋಚನೆಯನ್ನು. ಗಾಳಿ ಪೂರ್ತಿ ನಿಂತಾಗ ವೀವೆಕ್ಸ್ ದಿಕ್ಕನ್ನು ಖಾಲಿ ಬಿಡುತ್ತದೆ. ನಿಂತ ಗಾಳಿಗೆ ದಿಕ್ಕೆಲ್ಲಿ? ಆದರೆ ಜಾವಾಸ್ಕ್ರಿಪ್ಟ್‌ನಲ್ಲಿ ಖಾಲಿ ಬೆಲೆಯನ್ನು ಲೆಕ್ಕಕ್ಕೆ ಹಾಕಿದರೆ ಅದು 0 ಆಗುತ್ತದೆ, 0 ಎಂದರೆ ಉತ್ತರ. ಎಲೆ ಅಲುಗದ ರಾತ್ರಿಯಿಡೀ ಬಾಣ ಉತ್ತರಕ್ಕೆ ನೆಟ್ಟಗೆ ನಿಂತಿರುತ್ತದೆ. ಬೆಲೆ ಖಾಲಿಯೇ ಎಂದು ಮೊದಲು ಪರೀಕ್ಷಿಸಿ ಬಾಣವನ್ನು ಮರೆಮಾಡಿ, 'ಗಾಳಿ ಇಲ್ಲ' ಎಂದು ಬರೆಯಿರಿ. ತಾಪದ ಸೆನ್ಸರ್‌ನ ಬ್ಯಾಟರಿ ಹೋದಾಗಲೂ ಇದೇ ಕಥೆ: 0 ಡಿಗ್ರಿ ಬೇರೆ, ಅಂಕಿ ಇಲ್ಲದಿರುವುದು ಬೇರೆ.

ಇನ್ನು ಹಳಸಿದ ಡೇಟಾ. ಕೇಂದ್ರ ಮೂರು ಗಂಟೆಯಿಂದ ಸತ್ತಿದ್ದರೂ ಪುಟ 'ಈಗ 27.4' ಎನ್ನುತ್ತಲೇ ಇರುತ್ತದೆ. ಮೂಲೆಯ ಗಡಿಯಾರ ನೋಡುಗರ ಕಂಪ್ಯೂಟರ್‌ನದಾಗಿದ್ದರೆ ಮೋಸ ಇಮ್ಮಡಿ. ಡೇಟಾ ಫೈಲ್‌ನೊಳಗಿನ ಸಮಯವನ್ನೇ ತೋರಿಸಿ. ಅದನ್ನು 1970ರಿಂದ ಎಣಿಸುವ ಸೆಕೆಂಡುಗಳಲ್ಲಿ ಕೊಟ್ಟರೆ ಸಮಯ ವಲಯದ ಗೊಂದಲ ಇರದು. 5 ನಿಮಿಷಕ್ಕೊಮ್ಮೆ ಬರುವ ಡೇಟಾ 15 ನಿಮಿಷ ದಾಟಿದರೆ ಅಂಕಿಗಳನ್ನು ಬೂದು ಬಣ್ಣಕ್ಕೆ ತಿರುಗಿಸಿ.

ಒತ್ತಡ ತೋರಿಸುವಾಗ ಸಮುದ್ರಮಟ್ಟಕ್ಕೆ ಇಳಿಸಿದ ಅಂಕಿಯನ್ನೇ ಬಳಸಿ. ಸುಮಾರು 8 ಮೀಟರ್ ಎತ್ತರಕ್ಕೆ 1 ಹೆಕ್ಟೋಪಾಸ್ಕಲ್ ಇಳಿಯುವುದರಿಂದ 400 ಮೀಟರ್ ಎತ್ತರದ ಕೇಂದ್ರದ ಹಸಿ ಅಂಕಿ ಸುಮಾರು 50ರಷ್ಟು ಕಡಿಮೆ ಇರುತ್ತದೆ, ನೋಡಿದವರು ಚಂಡಮಾರುತ ಬಂತೆಂದುಕೊಳ್ಳುತ್ತಾರೆ. ವೀವೆಕ್ಸ್‌ನಲ್ಲಿ 'ಬ್ಯಾರೋಮೀಟರ್' ಸಮುದ್ರಮಟ್ಟದ್ದು, 'ಪ್ರೆಶರ್' ಹಸಿ ಅಂಕಿ. 'ಇಂದಿನ ಮಳೆ' ಎಂಬ ಲೇಬಲ್‌ನಡಿ ಎಷ್ಟು ಗಂಟೆಯಿಂದ ಎಣಿಸಿದ್ದು ಎಂದೂ ಬರೆಯಿರಿ. ಕ್ಯುಮುಲಸ್‌ನಲ್ಲಿ ದಿನ ಮಧ್ಯರಾತ್ರಿಗೂ ತಿರುಗಬಹುದು, ಬೆಳಗ್ಗೆ 9ಕ್ಕೂ ತಿರುಗಬಹುದು.

ಕನ್ನಡದ ಲೇಬಲ್‌ಗಳು

ಪುಟದ ಮಟ್ಟಿಗೆ ಇದು ಸುಲಭ: ಫೈಲನ್ನು ಯುಟಿಎಫ್-8ರಲ್ಲಿ (ಕನ್ನಡ ಅಕ್ಷರಗಳನ್ನೂ ಹಿಡಿಯುವ ಎನ್‌ಕೋಡಿಂಗ್) ಉಳಿಸಿ, ಪುಟದ ತಲೆಯಲ್ಲಿ ಅದನ್ನೇ ಘೋಷಿಸಿ, ನೋಟೊ ಸಾನ್ಸ್ ಕನ್ನಡ ಫಾಂಟ್ ಕೊಡಿ. ತೊಡಕು ಎರಡು ಕಡೆ. ವೀವೆಕ್ಸ್ ತನ್ನಷ್ಟಕ್ಕೆ ಅಕ್ಷರಗಳನ್ನು ಎಚ್‌ಟಿಎಂಎಲ್ ಎಂಟಿಟಿಗಳಾಗಿ (ಅಕ್ಷರದ ಬದಲಿನ ಸಂಕೇತಗಳಾಗಿ) ಬದಲಿಸುತ್ತದೆ. ಜೇಸನ್ (ಜಾವಾಸ್ಕ್ರಿಪ್ಟ್ ಓದುವ ಡೇಟಾ) ಫೈಲ್‌ನಲ್ಲಿ ಕನ್ನಡದ ಬದಲು &# ಚಿಹ್ನೆಗಳ ಸಾಲು ಕಂಡರೆ ಆ ಫೈಲ್‌ನ ಎನ್‌ಕೋಡಿಂಗನ್ನು ಯುಟಿಎಫ್-8ಕ್ಕೆ ಬದಲಿಸಿ. ಇನ್ನೊಂದು, ಚಿತ್ರವಾಗಿ ತಯಾರಾಗುವ ಗ್ರಾಫ್‌ಗಳು. ಅವನ್ನು ಬರೆಯುವುದು ಪೈಥಾನ್‌ನ ಚಿತ್ರ ಲೈಬ್ರರಿ. ಕನ್ನಡ ಫಾಂಟ್ ಇಲ್ಲದಿದ್ದರೆ ಅಕ್ಷರಗಳ ಬದಲು ಚೌಕಗಳು ಬರುತ್ತವೆ. ಫಾಂಟ್ ಕೊಟ್ಟರೂ ಅಕ್ಷರಗಳನ್ನು ಜೋಡಿಸುವ 'ರಾಕಮ್' ಲೈಬ್ರರಿ ಜೊತೆಗಿಲ್ಲದಿದ್ದರೆ ಒತ್ತಕ್ಷರ ಕೂಡಿಕೊಳ್ಳದೆ, 'ಒತ್ತಡ'ದ ತ ಕೆಳಗೆ ಇಳಿಯದೆ ಪಕ್ಕದಲ್ಲೇ ಪೂರ್ತಿ ಅಕ್ಷರವಾಗಿ ನಿಲ್ಲುತ್ತದೆ. ಗ್ರಾಫ್‌ನೊಳಗೆ ಅಂಕಿ ಮಾತ್ರ ಇಟ್ಟು, ತಲೆಬರಹವನ್ನು ಎಚ್‌ಟಿಎಂಎಲ್‌ನಲ್ಲೇ ಬರೆದರೆ ರಗಳೆಯೇ ಇಲ್ಲ.

ಪುಟ ತೆರೆದಿಡುವ ಮುನ್ನ

ಅಕ್ಷಾಂಶ ರೇಖಾಂಶಗಳನ್ನು ಎರಡೇ ದಶಮಾಂಶಕ್ಕೆ ನಿಲ್ಲಿಸಿ. ಅಷ್ಟಾದರೆ ಜಾಗ ಸುಮಾರು ಒಂದು ಕಿಲೋಮೀಟರ್ ಮಟ್ಟಿಗೆ ಮಸುಕಾಗುತ್ತದೆ. ಮನೆಯೊಳಗಿನ ತಾಪಮಾನ ತೆಗೆದುಹಾಕಿ. ಮನೆ ಖಾಲಿ ಇದೆಯೋ ಇಲ್ಲವೋ ಎಂದು ಊಹಿಸಲು ಅದೊಂದೇ ಸಾಕು. ಎಫ್‌ಟಿಪಿ ಗುಪ್ತಪದ ಇರುವ ಕಾನ್ಫಿಗ್ ಫೈಲ್ ವೆಬ್ ಫೋಲ್ಡರ್‌ಗೆ ಹೋಗಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ.

ಕೊನೆಗೆ ಕನ್ಸೋಲ್‌ನ (ಸೆನ್ಸರ್‌ಗಳ ಅಂಕಿ ಪಡೆಯುವ ಪೆಟ್ಟಿಗೆಯ) ಕೇಬಲ್ ಕಿತ್ತು 20 ನಿಮಿಷ ಬಿಡಿ. ಮೊಬೈಲ್‌ನಲ್ಲಿ ಪುಟ ತೆರೆದು ನೋಡಿ: ಅಂಕಿಗಳು ಬೂದಾಗಿ 'ಕೊನೆಯ ಡೇಟಾ ಇಷ್ಟು ಹೊತ್ತಿಗೆ' ಎಂದು ಬಂದಿದ್ದರೆ ಕೇಬಲ್ ಮತ್ತೆ ಸಿಕ್ಕಿಸಿ, ಪುಟ ತಾನಾಗಿಯೇ ಚೇತರಿಸಿಕೊಳ್ಳುತ್ತದೆಯೇ ನೋಡಿ. ರಿಫ್ರೆಶ್ ಒತ್ತಿದ ಮೇಲೆಯೇ ಚೇತರಿಸಿಕೊಂಡರೆ ಒಂದು ಅಪ್‌ಡೇಟ್ ಸೋತ ಕೂಡಲೇ ಟೈಮರ್ ನಿಂತುಹೋಗುತ್ತಿದೆ. ಮುಂದಿನ ಅಪ್‌ಡೇಟ್‌ಗೆ ಟೈಮರ್ ಹಾಕುವ ಸಾಲನ್ನು ಡೇಟಾ ಬಂದಾಗ ಮಾತ್ರವಲ್ಲ, ಬರದಿದ್ದಾಗಲೂ ಓಡುವಂತೆ ಇಡಿ.