ಕ್ಯಾನ್ಸರ್ ದವಡೆ ಮೂಳೆಗೆ ಇಳಿದಿದೆಯಾ? ಸ್ಕ್ಯಾನ್‌ನಲ್ಲಿ ನಾನು ನೋಡುವ ರೀತಿ

ನಾನು ರೇಡಿಯಾಲಜಿಸ್ಟ್. ನಮ್ಮ ಕಡೆ ಹೊಗೆಸೊಪ್ಪು, ಗುಟ್ಕಾವನ್ನು ಕೆನ್ನೆ-ಒಸಡಿನ ಸಂದಿಯಲ್ಲಿ ಇಟ್ಟುಕೊಳ್ಳುವವರು ಜಾಸ್ತಿ. ಹುಣ್ಣು ಏಳುವುದೂ ಹೆಚ್ಚಾಗಿ ಅಲ್ಲೇ. ಪಕ್ಕದಲ್ಲೇ ಕೆಳದವಡೆ. ಹಾಗಾಗಿ ಸರ್ಜನ್ ಮೊದಲು ಕೇಳುವುದು, 'ಮೂಳೆಗೆ ಇಳಿದಿದೆಯಾ?' ಇಳಿಯದಿದ್ದರೆ ದವಡೆಯ ಮೇಲಂಚು ಮಾತ್ರ ತೆಗೆದು ಕೆಳಗಿನದನ್ನು ಉಳಿಸಬಹುದು. ಮೂಳೆಯ ಒಳಗಿನ ಮೆದು ಭಾಗವಾದ ಮಜ್ಜೆಯೊಳಗೆ ಹೋಗಿದ್ದರೆ ಸಾಮಾನ್ಯವಾಗಿ ಆ ತುಂಡನ್ನೇ ತೆಗೆಯಬೇಕು. ಆಮೇಲೆ ಎಷ್ಟೋ ಸಲ ಕಾಲಿನ ಫಿಬ್ಯುಲಾ ಮೂಳೆ ತಂದು ಕೂರಿಸಬೇಕಾಗುತ್ತದೆ.

ಓಪಿಜಿ, ಅಂದರೆ ಇಡೀ ದವಡೆ-ಹಲ್ಲನ್ನು ಒಂದೇ ಚಿತ್ರದಲ್ಲಿ ತೋರಿಸುವ ಎಕ್ಸ್‌ರೇ, ಸರಿಯಿದೆ ಅಂತ ನಾನು ಸಮಾಧಾನಪಡುವುದಿಲ್ಲ. ಮೂಳೆಯ ಖನಿಜ ಸುಮಾರು ಶೇ. 30ರಷ್ಟು ಕರಗುವ ತನಕ ಅದರಲ್ಲಿ ಏನೂ ಕಾಣದೇ ಇರಬಹುದು. ಗದ್ದದ ನಡುಭಾಗದ ಮೇಲೆ ಕತ್ತಿನ ಮೂಳೆಯ ನೆರಳು ಬೇರೆ.

ಸಿಟಿ ಮಾಡುವಾಗ ರೋಗಿಯ ಹತ್ತಿರ ನಾನೇ ಹೋಗಿ ನಿಲ್ಲುತ್ತೇನೆ. "ಅಜ್ಜಿ, ಬಾಯಿ ಮುಚ್ಚಿ, ಪೀಪಿ ಊದೋ ಹಾಗೆ ಕೆನ್ನೆ ಉಬ್ಬಿಸಿ. ಉಸಿರು ಮೂಗಲ್ಲೇ ಆಡ್ಲಿ." ಒಂದೆರಡು ಸಲ ಅಭ್ಯಾಸ ಮಾಡಿಸಿದರೆ ಸಾಕು. ಗಾಳಿ ತುಂಬಿ ಕೆನ್ನೆ ಒಸಡಿನಿಂದ ದೂರ ಸರಿಯುತ್ತದೆ. ಗಡ್ಡೆ ಯಾವುದಕ್ಕೆ ಅಂಟಿದೆ ಅಂತ ಆಗ ಸ್ಪಷ್ಟವಾಗಿ ಗೊತ್ತಾಗುತ್ತದೆ. ಅಡಿಕೆ ಜಗಿದು ಕೆನ್ನೆ ಬಿಗಿದುಕೊಂಡವರಿಗೆ ಇದು ಆಗುವುದಿಲ್ಲ, ಒತ್ತಾಯ ಮಾಡಬಾರದು.

ಹಲ್ಲಿನ ವಿಷಯವನ್ನೂ ಆಗಲೇ ಕೇಳಿಬಿಡುತ್ತೇನೆ. ಎಷ್ಟೋ ಜನ ಹಲ್ಲು ಅಲ್ಲಾಡುತ್ತಿದೆ ಅಂತ ಕೀಳಿಸಿಕೊಂಡು, ಗಾಯ ಮಾಯದೆ ಬಂದಿರುತ್ತಾರೆ. ಹಲ್ಲು ಕಿತ್ತ ಗುಳಿ ಸ್ಕ್ಯಾನ್‌ನಲ್ಲಿ ಕ್ಯಾನ್ಸರ್ ತಿಂದ ಮೂಳೆಯ ಹಾಗೇ ಕಾಣಬಹುದು. ಒಂದು ಮಿಲಿಮೀಟರ್‌ಗಿಂತ ತೆಳುವಾದ ಸ್ಲೈಸ್‌ಗಳಲ್ಲಿ ಮೂಳೆಯ ಹೊರಗಿನ ಬಿಳಿ ಗೆರೆಯನ್ನು ಹಿಡಿದು ಹೋಗುತ್ತೇನೆ. ಗುಳಿಯಾದರೆ ಗೋಡೆ ನುಣುಪಾಗಿರುತ್ತದೆ. ಕ್ಯಾನ್ಸರ್ ಆದರೆ ಗಡ್ಡೆ ತಾಗಿದ ಕಡೆಯೇ ಗೆರೆ ಹರಿದು ಮಾಯವಾಗಿರುತ್ತದೆ.

ಅನುಮಾನ ಉಳಿದರೆ ಎಂಆರ್‌ಐ. ದೊಡ್ಡವರ ದವಡೆಯ ಮಜ್ಜೆಯಲ್ಲಿ ಕೊಬ್ಬು ಹೆಚ್ಚು, ಟಿ1 ಎನ್ನುವ ಬಗೆಯ ಎಂಆರ್‌ಐ ಚಿತ್ರದಲ್ಲಿ ಅದು ಬೆಳ್ಳಗಿರುತ್ತದೆ. ಕ್ಯಾನ್ಸರ್ ಹೊಕ್ಕ ಕಡೆ ಕಪ್ಪು. ಆದರೆ ಹಲ್ಲಿನ ಸೋಂಕು, ಹಿಂದೆ ಕೊಟ್ಟ ರೇಡಿಯೇಷನ್‌ನಿಂದಲೂ ಕಪ್ಪಾಗುತ್ತದೆ. ಅದಕ್ಕೇ ಸಿಟಿಯನ್ನು ಪಕ್ಕದಲ್ಲಿಟ್ಟುಕೊಂಡೇ ಓದುತ್ತೇನೆ. ನರ ಹಾದುಹೋಗುವ ಕಾಲುವೆಯನ್ನು ತಪ್ಪದೆ ನೋಡುತ್ತೇನೆ, ಕ್ಯಾನ್ಸರ್ ಅದರ ಗುಂಟ ದೂರ ಹೋಗಿರಬಹುದು.

ರಿಪೋರ್ಟ್‌ನಲ್ಲಿ ಸುಮ್ನೆ 'ಮೂಳೆ ಸವೆದಿದೆ' ಅಂತ ಬರೆದರೆ ಸರ್ಜನ್‌ಗೆ ಉಪಯೋಗವಿಲ್ಲ. ಒಸಡಿನ ಗಡ್ಡೆ ಮೂಳೆಯನ್ನು ಮೇಲೆಮೇಲೆ ಸವೆಸಿದ ಮಾತ್ರಕ್ಕೆ ಅದು ಟಿ4ಎ, ಅಂದರೆ ಮೂಳೆಯೊಳಗೆ ಇಳಿದ ಮುಂದುವರಿದ ಹಂತ, ಆಗುವುದಿಲ್ಲ. ಎಷ್ಟು ಆಳ, ಎಷ್ಟು ಉದ್ದ, ಕೆಳಗೆ ಉಳಿದ ಮೂಳೆಯ ಎತ್ತರ ಎಷ್ಟು ಅಂತ ಅಳೆದು ಬರೆಯುತ್ತೇನೆ. ಹಲ್ಲಿಲ್ಲದ ಅಜ್ಜ-ಅಜ್ಜಿಯರಲ್ಲಿ ಈ ಎತ್ತರ ಇನ್ನೂ ಮುಖ್ಯ. ಅವರ ದವಡೆ ಮೊದಲೇ ತಗ್ಗಿರುತ್ತದೆ, ಮೇಲಂಚು ತೆಗೆದರೆ ಉಳಿದ ಪಟ್ಟಿ ಮುರಿಯಬಹುದು.