ಜಪಾನಿನ ಹಳೇ ರಾಕ್ ರೆಕಾರ್ಡ್ ಬೇಕಾ, ಮೊದ್ಲು ಕಟಕಾನ ಕಲೀರಿ

ಜಪಾನಿನ ಅರವತ್ತರ ದಶಕದ ಬ್ಯಾಂಡ್‌ಗಳ ರೀಇಶ್ಯೂ, ಅಂದ್ರೆ ಹಳೇ ರೆಕಾರ್ಡನ್ನ ಮತ್ತೆ ಹೊಸ್ತಾಗಿ ತಂದದ್ದು, ಸೇರಿಸ್ಬೇಕು ಅಂತ ಆಸೆ ಉಂಟಾದ್ರೆ ದುಡ್ಡು ಕೂಡಿಡುವ ಮೊದ್ಲು ಕಟಕಾನ, ಅಂದ್ರೆ ಜಪಾನಿನವ್ರು ಹೊರಗಿನ ಭಾಷೆಯ ಶಬ್ದ ಬರೀಲಿಕ್ಕೆ ಬಳಸುವ ಅಕ್ಷರ, ಕಲೀರಿ ಮಾರಾಯ್ರೆ. ತಮಾಷೆಗೆ ಹೇಳಿದ್ದಲ್ಲ. ಬಸ್ಸಿನ ಬೋರ್ಡು ಮಲಯಾಳದಲ್ಲಿ ಓದಿ, ಶಾಲೇಲಿ ಕನ್ನಡ ಕಲ್ತು, ಮನೇಲಿ ತುಳುವೋ ಹವ್ಯಕವೋ ಮಾತಾಡುವ ಕಾಸರಗೋಡಿನವ್ರಿಗೆ ಇನ್ನೊಂದು 46 ಅಕ್ಷರ ಎಂತ ಭಾರ? ಆಗಿನ ಬ್ಯಾಂಡಿನವ್ರು ಹೆಚ್ಚಿನವ್ರು ಇಂಗ್ಲಿಷ್ ಹೆಸ್ರೇ ಇಟ್ಕೊಂಡದ್ದು, ಕಟಕಾನದಲ್ಲಿ ಬರ್ದಾಗ ಸ್ಪೈಡರ್ಸ್ ಹೋಗಿ ಸುಪೈದಾಸು ಆಗ್ತದೆ, ಮಾಪ್ಸ್ ಹೋಗಿ ಮೊಪ್ಪುಸು. ಅಷ್ಟು ಓದ್ಲಿಕ್ಕೆ ಬಂದ್ರೆ ಜಪಾನಿನ ಅಂಗಡಿಯವ್ರ ಪಟ್ಟಿಯಲ್ಲಿ ನೀವೇ ಹುಡುಕ್ಬಹುದು, ಇಂಗ್ಲಿಷ್ ಪಟ್ಟಿಗೆ ಬಾರದ್ದು ಅಲ್ಲಿ ಸುಮಾರು ಇರ್ತದೆ.

ಇದ್ರ ಜೊತೆ ನಾಲ್ಕು ಶಬ್ದ ಗೊತ್ತಿರ್ಲಿ. ಸೈಹಾತ್ಸು ಅಂದ್ರೆ ರೀಇಶ್ಯೂ. ಚೂಕೊ ಅಂದ್ರೆ ಸೆಕೆಂಡ್ ಹ್ಯಾಂಡ್. ಓಬಿ ಅಂದ್ರೆ ಕವರಿನ ಎಡಬದಿಗೆ ಸುತ್ತಿದ ಕಾಗದದ ಪಟ್ಟಿ, ಅದಿಲ್ದಿದ್ರೆ ರೇಟು ಇಳೀತದೆ. ಕಾಮಿಜಾಕೆ ಅಂದ್ರೆ ಹಳೇ ಎಲ್‌ಪಿ ಕವರನ್ನೇ ಸಣ್ಣದು ಮಾಡಿ ಕಾಗದದ ಕವರಲ್ಲಿ ಹಾಕಿದ ಸಿಡಿ. ಶುರು ಮಾಡುವವ್ರಿಗೆ ನಾನು ಹೇಳೂದು ಕಾಮಿಜಾಕೆಯೇ, ಹಗುರ, ಪೋಸ್ಟ್ ಖರ್ಚು ಕಮ್ಮಿ, ಪ್ಲಾಸ್ಟಿಕ್ ಡಬ್ಬಿ ಒಡೆದು ಬರುವ ಕಿರಿಕಿರಿಯೂ ಇಲ್ಲ.

ಯಾವ್ದು ತಗೊಳ್ಳೂದು? ಆ ಕಾಲದ ಈ ಬ್ಯಾಂಡ್‌ಗಳಿಗೆ ಗ್ರೂಪ್ ಸೌಂಡ್ಸ್ ಅಂತ ಹೆಸ್ರು. ರುಚಿ ನೋಡ್ಲಿಕ್ಕೆ ಬಿಗ್ ಬೀಟ್ ಅನ್ನುವ ಬ್ರಿಟಿಷ್ ಲೇಬಲ್ 1996ರಲ್ಲಿ ತಂದ ‘ಜಿಎಸ್ ಐ ಲವ್ ಯೂ’ ಸಂಕಲನ ಸಾಕು. ಬ್ಲೂ ಕಾಮೆಟ್ಸ್‌ನವ್ರ ‘ಬ್ಲೂ ಶಾಟೊ’ 1967ರಲ್ಲಿ ಜಪಾನ್ ರೆಕಾರ್ಡ್ ಅವಾರ್ಡ್ ಗೆದ್ದ ಹಾಡು, ನನ್ಗೆ ಅದು ಸ್ವಲ್ಪ ಸಿಹಿ ಹೆಚ್ಚು. ಮಾಪ್ಸ್‌ನವ್ರ 1968ರ ‘ಸೈಕೆಡೆಲಿಕ್ ಸೌಂಡ್ಸ್ ಇನ್ ಜಪಾನ್’ನಲ್ಲಿ ಅಮೇರಿಕದ ಹಾಡುಗಳೇ ಸುಮಾರು ಉಂಟು, ಆದ್ರೂ ಗಿಟಾರಿನ ಆ ಒರಟು ಸದ್ದಿಗೋಸ್ಕರ ಇರ್ಲೇಬೇಕು. ಒಂದೇ ಒಂದು ತಗೊಳ್ತೇನೆ ಅಂದ್ರೆ ಜಾಕ್ಸ್‌ನವ್ರ ‘ವೇಕೆಂಟ್ ವರ್ಲ್ಡ್’, ಅದೂ 1968ರದ್ದೇ, ರಾತ್ರಿ ಕರೆಂಟು ಹೋಗಿ ಬಂದ ಮೇಲೆ ಕೇಳುವಂಥದ್ದು. ಆ ಕಾಲದಲ್ಲೇ ಬಂದ ಒರಿಜಿನಲ್ ಪ್ಲೇಟಿನ ರೇಟು ನೋಡಿ ತಲೆ ಕೆಡಿಸ್ಕೊಳ್ಬೇಡಿ, ಅದು ನಮ್ಮಂಥವ್ರಿಗಲ್ಲ.

ಇನ್ನೊಂದು ಲೆಕ್ಕ ಉಂಟು, ಇದು ಸುಮಾರು ಜನ್ರಿಗೆ ಗೊತ್ತಿಲ್ಲ. ಜಪಾನಲ್ಲಿ ಮೊದ್ಲು ರೆಕಾರ್ಡಿಂಗಿನ ಹಕ್ಕು 50 ವರ್ಷ ಇದ್ದದ್ದು, 2018ರ ಡಿಸೆಂಬರ್ ಕೊನೆಗೆ 70 ಮಾಡಿದ್ರು, ಆದ್ರೆ ಅಷ್ಟರಲ್ಲಿ ಮುಗಿದು ಹೋದದ್ದು ವಾಪಸ್ ಬರ್ಲಿಲ್ಲ. ಹಾಗಾಗಿ 1967ರ ವರೆಗೆ ಬಂದ ರೆಕಾರ್ಡ್‌ಗಳನ್ನ ಅಲ್ಲಿ ಬೇರೆಯವ್ರೂ ತರ್ಬಹುದು, ಮೂಲ ಟೇಪ್ ಕೈಯಲ್ಲಿ ಇಲ್ಲದೆ ಹಳೇ ಪ್ಲೇಟಿಂದ ನಕಲು ಮಾಡಿದ್ದೂ ಇರ್ಬಹುದು. ಹಾಗಾಗಿ ಹಿಂದಿನ ಕವರ್ ಫೋಟೋ ಕೇಳಿ, ಮೂಲ ಕಂಪೆನಿ ಹೆಸ್ರು, ಕ್ಯಾಟಲಾಗ್ ನಂಬರ್, ರೀಮಾಸ್ಟರ್ (ಹಳೇ ಸದ್ದನ್ನ ಪುನಃ ಸರಿ ಮಾಡಿದ್ದು) ಆದ ವರ್ಷ ಉಂಟಾ ನೋಡಿ. ಪ್ಲೇಟು ಎಲ್ಲಿ ತಯಾರಾದ್ದು ಅಂತ ಸಹ ಬರೀದಿದ್ರೆ ಬಿಟ್ಟುಬಿಡಿ, ರೇಟು ಎಷ್ಟೇ ಕಮ್ಮಿ ಇರ್ಲಿ.

ತರಿಸುವಾಗ ಮೂರ್ನಾಲ್ಕು ಒಟ್ಟಿಗೆ ತರ್ಸಿ, ಕಸ್ಟಮ್ಸ್ ಡ್ಯೂಟಿಗೆ ಸ್ವಲ್ಪ ದುಡ್ಡು ಬೇರೆ ಇಟ್ಕೊಳ್ಳಿ.

ಬಂದ ಮೇಲೆ ನಿಜವಾದ ಶತ್ರು ಆಟಿ ತಿಂಗಳ ಮಳೆ. ನನ್ನ ಮೊದ್ಲ ಎಲ್‌ಪಿಯ ಓಬಿಗೆ ಬೂಸ್ಟು ಹಿಡ್ದು, ಒದ್ದೆ ಬಟ್ಟೇಲಿ ಒರೆಸಿ ಅರ್ಧ ಅಕ್ಷರ ಬಟ್ಟೆಗೇ ಬಂತು. ಒಣ ಬ್ರಶ್ಶಲ್ಲೇ ಉಜ್ಜಬೇಕಿತ್ತು. ಈಗ ಪ್ರತಿಯೊಂದಕ್ಕೂ ಪ್ಲಾಸ್ಟಿಕ್ ಕವರ್, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಮುಚ್ಚಳದ ಡಬ್ಬಿ, ಗೋಡೆಯಿಂದ ಒಂದು ಗೇಣು ದೂರ, ಎಲ್ಲ ನೆಟ್ಟಗೆ ನಿಲ್ಲಿಸಿ. ಅಟ್ಟದಲ್ಲಿ ಅಡಿಕೆ ಗೋಣಿ ಬದಿಯಲ್ಲಂತೂ ಇಡ್ಲೇಬೇಡಿ, ಬೇಸಗೇಲಿ ಹಂಚಿನ ಬಿಸಿಗೆ ಪ್ಲೇಟು ಹಪ್ಪಳ ಆಗ್ತದೆ.